ಓಡುತ್ತದೆ, ನಿಲ್ಲಿಸಿದರೆ ಬಂದ್: ಹಳೆಯ ಕಾರಿನ ಸ್ಲೋ ಸಮಸ್ಯೆ

ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್. ಅಷ್ಟು ದೂರ ತಕರಾರಿಲ್ಲದೆ ಬಂದ ಹಳೆಯ ಅಂಬಾಸಿಡರ್, ರಾಯಲ್ ಸರ್ಕಲ್ಲಿನಲ್ಲಿ ನಿಂತ ಕೂಡಲೇ ಎರಡು ಸಲ ಮೈ ಅಲುಗಿಸಿ ಬಂದ್ ಆಗುತ್ತದೆ. ಸೆಲ್ಫ್ ಹೊಡೆದರೆ ಮತ್ತೆ ಶುರು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮತ್ತೆ ಬಂದ್. ಹಿಂದಿನ ಲಾರಿಯವನ ಹಾರ್ನ್ ಬೇರೆ. "ಓಡುವಾಗ ಚೆಂದ ಓಡ್ತೈತ್ರಿ, ನಿಂತ್ರ ಬಂದ್ ಆಗ್ತೈತಿ" ಎಂದು ಮಾಲೀಕರು ಗ್ಯಾರೇಜಿನಲ್ಲಿ ಹೇಳುವ ಮಾತಿನಲ್ಲೇ ರೋಗದ ಅರ್ಧ ಪತ್ತೆ ಇದೆ. ಗಾಡಿ ಭಾರ ಹೊತ್ತು ಚೆನ್ನಾಗಿ ಓಡುತ್ತಿದೆ ಎಂದರೆ ಪೆಟ್ರೋಲ್ ಬರುತ್ತಿದೆ, ಕಾರ್ಬೊರೇಟರಿನ ಮೇನ್ ಜೆಟ್ ಕೆಲಸ ಮಾಡುತ್ತಿದೆ, ಕಾಯಿಲ್ ಸತ್ತಿಲ್ಲ, ಪಿಸ್ಟನ್ ರಿಂಗುಗಳು ಪೂರ್ತಿ ಸವೆದಿಲ್ಲ. ತಪ್ಪು ಇರುವುದು ಕಾಲು ತೆಗೆದಾಗ, ಅಂದರೆ ಎಂಜಿನ್ ಸ್ಲೋದಲ್ಲಿ ನಡೆಯುವಾಗ, ಮಾತ್ರ ಲೆಕ್ಕಕ್ಕೆ ಬರುವ ಯಾವುದೋ ಒಂದು ಜಾಗದಲ್ಲಿ.

ಇದನ್ನು ಕೇಳಿದ ಮೆಕ್ಯಾನಿಕ್ ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ, ಕಾರ್ಬೊರೇಟರಿನ ಸ್ಲೋ ಸ್ಕ್ರೂವನ್ನು ಒಂದು ಸುತ್ತು ಒಳಗೆ ತಿರುಗಿಸುವುದು. ಎಂಜಿನ್ನಿನ ಸದ್ದು ಏರುತ್ತದೆ, ಬಂದ್ ಆಗುವುದು ತಪ್ಪುತ್ತದೆ, ಮಾಲೀಕರು ಹಣ ಕೊಟ್ಟು ಹೊರಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಆ ಸ್ಕ್ರೂ ಮಾಡುವುದು ಒಂದೇ ಕೆಲಸ: ಆಕ್ಸಿಲರೇಟರನ್ನು ನಿಮ್ಮ ಕಾಲಿನ ಬದಲು ತಾನೇ ಸ್ವಲ್ಪ ಒತ್ತಿ ಹಿಡಿಯುವುದು. ಕಾಯಿಲೆ ಇದ್ದಲ್ಲೇ ಇರುತ್ತದೆ. ಮೇಲಾಗಿ ಫಸ್ಟ್ ಗೇರ್ ಹಾಕುವಾಗ ಕರಕರ ಸದ್ದು, ಬ್ರೇಕಿನ ಮೇಲೆ ಹೆಚ್ಚಿನ ಹೊರೆ, ಪೆಟ್ರೋಲ್ ಖರ್ಚು. ಬಳ್ಳಾರಿಯ ಬೇಸಿಗೆಯಲ್ಲಂತೂ ಕೀ ತೆಗೆದ ಮೇಲೂ ಎಂಜಿನ್ ಕೆಲವು ಕ್ಷಣ ಗಡಗಡ ಎನ್ನುತ್ತಲೇ ಇರುತ್ತದೆ. ಥ್ರಾಟಲ್ ತೆರೆದೇ ಇರುವುದರಿಂದ ಒಳಗೆ ನುಗ್ಗುವ ಮಿಶ್ರಣ ಕಾದ ಕಬ್ಬಿಣಕ್ಕೆ ತಗುಲಿ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಮೂಲ ದೋಷ ಇನ್ನಷ್ಟು ಬೆಳೆದು, ಸ್ಕ್ರೂ ಇನ್ನೂ ಅರ್ಧ ಸುತ್ತು ಒಳಗೆ ಹೋಗುತ್ತದೆ.

ಕಾಲು ತೆಗೆದಾಗಲೇ ಎಂಜಿನ್ ಇಷ್ಟು ಸೂಕ್ಷ್ಮವಾಗುವುದೇಕೆ? ಸ್ವಲ್ಪ ಲೆಕ್ಕ ಹಾಕೋಣ. ಅಂಬಾಸಿಡರಿನ 1,489 ಸಿಸಿ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ಣ ಗಾತ್ರದಷ್ಟು ಜಾಗವನ್ನು ತುಂಬಿಕೊಳ್ಳಲು ನೋಡುತ್ತದೆ. ನಿಮಿಷಕ್ಕೆ 800 ಸುತ್ತು ಎಂದರೆ 400 ಸಲ, ಹತ್ತಿರ ಹತ್ತಿರ 600 ಲೀಟರ್ ಜಾಗ. ಆದರೆ ಥ್ರಾಟಲ್ ಮುಚ್ಚಿರುವುದರಿಂದ ಮೇನಿಫೋಲ್ಡಿನ ಒಳಗಿನ ಒತ್ತಡ ಹೊರಗಿನ ಗಾಳಿಯ ಮೂರನೇ ಒಂದು ಭಾಗದ ಆಸುಪಾಸು ಮಾತ್ರ. ಹಾಗಾಗಿ ನಿಜವಾಗಿ ಒಳಹೋಗುವ ಗಾಳಿ ನಿಮಿಷಕ್ಕೆ ಸುಮಾರು 200 ಲೀಟರ್. ಅದೇ ಎಂಜಿನ್ ಪೂರ್ತಿ ರೇಸ್ ಕೊಟ್ಟಾಗ 4,000 ಸುತ್ತಿನಲ್ಲಿ ಎರಡು ಸಾವಿರ ಲೀಟರಿಗೂ ಹೆಚ್ಚು ಎಳೆಯುತ್ತದೆ. ಈಗ ಮೇನಿಫೋಲ್ಡಿನಲ್ಲಿ ಎಲ್ಲೋ ಎರಡು ಮಿಲಿಮೀಟರಿಗೂ ಕಿರಿದಾದ ಒಂದು ತೂತು ಇದೆ ಎನ್ನಿ. ಸ್ಲೋದಲ್ಲಿ ಅದರ ಮೂಲಕ ನಿಮಿಷಕ್ಕೆ 20 ಲೀಟರಿನಷ್ಟು ಕಳ್ಳಗಾಳಿ ನುಗ್ಗುತ್ತದೆ. ಆ ಗಾಳಿ ಕಾರ್ಬೊರೇಟರಿನ ಮೂಲಕ ಬಂದದ್ದಲ್ಲ, ಅದರ ಜೊತೆ ಪೆಟ್ರೋಲ್ ಬರುವುದಿಲ್ಲ. ಮಿಶ್ರಣ ಶೇ 10ರಷ್ಟು ತೆಳುವಾಯಿತು. ಪೂರ್ತಿ ರೇಸಿನಲ್ಲಿ ಮೇನಿಫೋಲ್ಡಿನ ಎಳೆತವೇ ಕಡಿಮೆ, ಒಟ್ಟು ಗಾಳಿ ಹತ್ತು ಪಟ್ಟು ಹೆಚ್ಚು. ಆಗ ಅದೇ ತೂತು ಲೆಕ್ಕಕ್ಕೇ ಇಲ್ಲ.

ಸಿರುಗುಪ್ಪದಲ್ಲಿ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರಾ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ತುಂಬಿ ಹರಿಯುವಾಗ ಏರಿಯಲ್ಲಿನ ಒಂದು ಬಿರುಕಿನ ಕಡೆ ಯಾರೂ ನೋಡುವುದಿಲ್ಲ. ನೀರು ಬೆರಳಿನಷ್ಟಕ್ಕೆ ಇಳಿದಾಗ ಅದೇ ಬಿರುಕು ಗದ್ದೆಯನ್ನು ಒಣಗಿಸುತ್ತದೆ.

ಈ ಭಾಗದ ಮನೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಪೆಟ್ರೋಲ್ ಕಾರುಗಳು ಮುಖ್ಯವಾಗಿ ಎರಡು ಬಗೆ. ಒಂದು ಅಂಬಾಸಿಡರ್: ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ತಯಾರಾದ ಗಾಡಿ. ಇನ್ನೊಂದು ನಮ್ಮವರು ಇಂದಿಗೂ ಬರೀ ಫಿಯೆಟ್ ಎಂದೇ ಕರೆಯುವ ಕಾರು: ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಲ್ಲಿ 1100 ಡಿಲೈಟ್ ಆಗಿ ಶುರು ಮಾಡಿ, ಮುಂದೆ ಪದ್ಮಿನಿ ಎಂಬ ಹೆಸರಿನಲ್ಲಿ ಮಾರಿದ 1,089 ಸಿಸಿ ಗಾಡಿ. ಎರಡರ ದೂರೂ ಒಂದೇ, "ಸ್ಲೋ ನಿಲ್ಲವಲ್ದು". ಆದರೆ ಹುಡುಕಬೇಕಾದ ಜಾಗ ಬೇರೆ. ಕಾರಣ ಕಾರ್ಬೊರೇಟರ್.

1.5 ಲೀಟರ್ ಅಂಬಾಸಿಡರುಗಳಲ್ಲಿ ಬಹುಪಾಲಿಗೆ ಇರುವುದು ಎಸ್‌ಯು ಕಾರ್ಬೊರೇಟರ್. ಚಪ್ಪಲಿ ವ್ಯಾಪಾರದ ಮನೆತನದ ಸ್ಕಿನ್ನರ್ ಸೋದರರು ಕಳೆದ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ್ದು. ಮೊದಲ ಮಾದರಿಯಲ್ಲಿ ಚರ್ಮದ ತಿದಿ ಇತ್ತು ಎಂಬುದು ಆ ಮನೆತನಕ್ಕೆ ತಕ್ಕ ಸಂಗತಿ. ಇದರಲ್ಲಿ ಸ್ಲೋಗೊಂದು, ಓಟಕ್ಕೊಂದು ಎಂದು ಬೇರೆ ಬೇರೆ ಜೆಟ್ ಇಲ್ಲ. ಇರುವುದು ಒಂದೇ ಜೆಟ್, ಅದರೊಳಗೆ ಏರಿಳಿಯುವ ಒಂದು ಮೊನಚು ಸೂಜಿ. ಗಾಳಿ ಹೆಚ್ಚು ಎಳೆದಂತೆ ಪಿಸ್ಟನ್ ಮೇಲೇರಿ ಸೂಜಿಯನ್ನು ಎತ್ತುತ್ತದೆ, ಪೆಟ್ರೋಲಿಗೆ ದಾರಿ ಅಗಲವಾಗುತ್ತದೆ. ಫಿಯೆಟ್ಟಿನ ಸೋಲೆಕ್ಸ್ ಹಾಗಲ್ಲ. ಅಲ್ಲಿ ಸ್ಲೋಗೆಂದೇ ಪ್ರತ್ಯೇಕ ಪೈಲಟ್ ಜೆಟ್ ಇದೆ, ರಂಧ್ರ ಅರ್ಧ ಮಿಲಿಮೀಟರಿನ ಆಸುಪಾಸು. ಒಂದು ಕಣ ಕಚರಾ ಸಾಕು, ಸ್ಲೋ ಹೋಯಿತು. ಮೇನ್ ಜೆಟ್ ಬೇರೆ ದಾರಿಯಾದ್ದರಿಂದ ಗಾಡಿ ಓಡುತ್ತಲೇ ಇರುತ್ತದೆ. ಹಾಗಾಗಿ ಓಡುವಾಗ ಚೆನ್ನಾಗಿದ್ದು ನಿಂತರೆ ಬಂದ್ ಆಗುವ ಫಿಯೆಟ್ಟಿನಲ್ಲಿ ಮೊದಲ ಅನುಮಾನ ಪೈಲಟ್ ಜೆಟ್ಟಿನ ಮೇಲೆ. ಅಂಬಾಸಿಡರಿನಲ್ಲಿ ಮೊದಲ ಅನುಮಾನ ಕಳ್ಳಗಾಳಿಯ ಮೇಲೆ. ಇದೊಂದನ್ನು ತಿಳಿದಿದ್ದರೆ ಗ್ಯಾರೇಜಿನಲ್ಲಿ ಅರ್ಧ ದಿನ ಉಳಿಯುತ್ತದೆ. 1990ರ ದಶಕದಲ್ಲಿ ಬಂದ ಇಸುಝು 1.8 ಎಂಜಿನ್ನಿನ ಅಂಬಾಸಿಡರಿನ ಕಾರ್ಬೊರೇಟರ್ ಬೇರೆಯೇ. ಇಲ್ಲಿನ ಎಸ್‌ಯು ಮಾತು ಅದಕ್ಕೆ ಹೊಂದುವುದಿಲ್ಲ.

ಬಾನೆಟ್ ಎತ್ತುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವಾಗ ಬಂದ್ ಆಗುತ್ತದೆ? ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರವೇ? ಹಾಗಿದ್ದರೆ ಚೋಕ್ ನೋಡಿ, ಕೇಬಲ್ ಎಳೆದರೂ ಅದರ ತುದಿ ಚಲಿಸದಿರುವುದು ಸಾಮಾನ್ಯ. ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರವೇ? ಆ ಮಾತಿಗೆ ಮುಂದೆ ಬರುತ್ತೇನೆ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಮಾತ್ರವೇ? ಹಾಗಿದ್ದರೆ ಕಾರ್ಬೊರೇಟರ್ ಮುಟ್ಟಲೇಬೇಡಿ. ಹಳೆಯ ಗಾಡಿಗಳ ಡೈನಮೊ ಸ್ಲೋದಲ್ಲಿ ಹೆಚ್ಚೇನೂ ಕರೆಂಟ್ ಕೊಡುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುವುದು ಅದಕ್ಕೇ. ಆಗ ಲೈಟು, ಕಾಯಿಲ್ ಎರಡೂ ಬ್ಯಾಟರಿಯನ್ನೇ ನೆಚ್ಚಿರುತ್ತವೆ. ಬ್ಯಾಟರಿ ದುರ್ಬಲವಾಗಿದ್ದರೆ, ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದ್ದರೆ, ಕಿಡಿ ಸೊರಗುತ್ತದೆ. ಬಿಸಿಯೋ ತಂಪೋ, ಹಗಲೋ ರಾತ್ರಿಯೋ, ಯಾವಾಗಲೂ ಬಂದ್ ಆಗುತ್ತಿದ್ದರೆ ಮಾತ್ರ ಕಳ್ಳಗಾಳಿಯ ಹುಡುಕಾಟ.

ಆ ಹುಡುಕಾಟಕ್ಕೆ ಮೂರು ನಾಲ್ಕು ಜಾಗಗಳಿವೆ. ಕಾರ್ಬೊರೇಟರ್ ಮತ್ತು ಮೇನಿಫೋಲ್ಡ್ ನಡುವಿನ ಪ್ಯಾಕಿಂಗ್, ಮೇನಿಫೋಲ್ಡ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್, ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪ್ ಮತ್ತು ಅದರ ತುದಿಯ ಡಯಾಫ್ರಾಮ್, ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಅದರ ಹೋಸ್. ಎಂಜಿನ್ ನಡೆಯುತ್ತಿರುವಾಗ ಎಣ್ಣೆ ಕ್ಯಾನಿನಿಂದ ಆ ಕೂಡುಗಳ ಮೇಲೆ ಒಂದೊಂದೇ ಹನಿ ತೆಳು ಎಣ್ಣೆ ಬಿಡಿ. ಎಲ್ಲಿ ಬಿಟ್ಟಾಗ ಎಂಜಿನ್ನಿನ ಧ್ವನಿ ಬದಲಾಗುತ್ತದೋ ಅಲ್ಲಿ ಸೋರಿಕೆ: ಎಣ್ಣೆ ಒಂದು ಕ್ಷಣ ಆ ಸಂದನ್ನು ಮುಚ್ಚಿರುತ್ತದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಕೆಳಗೇ ಕಾದ ಸೈಲೆನ್ಸರ್ ಮೇನಿಫೋಲ್ಡ್ ಇರುವ ಎಂಜಿನ್ ಇದು. ದಯವಿಟ್ಟು ನಿಮ್ಮ ಗಾಡಿಯ ಮೇಲೆ ಆ ಪ್ರಯೋಗ ಮಾಡಲು ಯಾರಿಗೂ ಬಿಡಬೇಡಿ.

ಎಲ್ಲಾ ಪ್ಯಾಕಿಂಗ್ ಸರಿಯಿದ್ದೂ ಸ್ಲೋ ನಿಲ್ಲದಿದ್ದರೆ ಥ್ರಾಟಲ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಬಳ್ಳಾರಿ ಸೀಮೆಯ ಮಟ್ಟಿಗೆ ಇದೇ ದೊಡ್ಡ ಕಳ್ಳ ಎಂಬುದು ನನ್ನ ಅಂದಾಜು. ಕಾರ್ಬೊರೇಟರಿನ ಮೈ ಅಲ್ಯೂಮಿನಿಯಂ ಅಥವಾ ಸತುವಿನ ಮಿಶ್ರಲೋಹ, ಶಾಫ್ಟ್ ಅದಕ್ಕಿಂತ ಗಟ್ಟಿ. ನಲವತ್ತು ವರ್ಷ ಕಾಲು ಒತ್ತಿ ಬಿಟ್ಟಂತೆಲ್ಲ ತೂತು ಮೊಟ್ಟೆಯಾಕಾರವಾಗುತ್ತದೆ. ಅದಕ್ಕೆ ನಮ್ಮ ಧೂಳು ಸೇರುತ್ತದೆ. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗಿನ ವರ್ಷಗಳಲ್ಲಿ ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಪುಡಿಯನ್ನು ಈ ಊರಿನವರು ಮರೆತಿಲ್ಲ. ಕಬ್ಬಿಣದ ಅದಿರಿನ ಪುಡಿ ಎಂದರೆ ಸಾಣೆಪುಡಿಯೇ. ಅದು ಶಾಫ್ಟಿನ ಸಂದಿನಿಂದ ಒಳಗೆ ಹೋಗಿ ಇನ್ನಷ್ಟು ಸವೆಸುತ್ತದೆ, ಸಂದು ಅಗಲವಾಗಿ ಇನ್ನಷ್ಟು ಪುಡಿಗೆ ದಾರಿಯಾಗುತ್ತದೆ. ಕುರುಗೋಡಿನ ಕಡೆಯ ಮಣ್ಣಿನ ದಾರಿಯ ಧೂಳು, ಸಿರುಗುಪ್ಪದ ರೈಸ್ ಮಿಲ್ಲುಗಳ ಸುತ್ತಲಿನ ತೌಡಿನ ಪುಡಿ ಅಷ್ಟು ಒರಟಲ್ಲ, ಆದರೆ ಏರ್ ಕ್ಲೀನರನ್ನು ಬೇಗ ಕಟ್ಟಿಸುತ್ತವೆ. ಹಳೆಯ ಅಂಬಾಸಿಡರಿನ ಎಣ್ಣೆ ತುಂಬುವ ಏರ್ ಕ್ಲೀನರಿನಲ್ಲಿ ತಳದಲ್ಲಿ ಕೆಸರಿದ್ದರೆ ಅದು ಕ್ಲೀನರ್ ಅಲ್ಲ, ಅಡ್ಡಗಟ್ಟೆ.

ಸವೆದ ಶಾಫ್ಟಿಗೆ ಸ್ಕ್ರೂ ತಿರುಗಿಸುವುದು ಔಷಧವಲ್ಲ. ಪ್ರತಿ ಸಲ ಕಾಲು ತೆಗೆದಾಗಲೂ ಥ್ರಾಟಲ್ ಬಿಲ್ಲೆ ಬೇರೆ ಜಾಗದಲ್ಲಿ ಕೂರುತ್ತದೆ. ಒಮ್ಮೆ ಸ್ಲೋ ಸರಿಯಿರುತ್ತದೆ, ಮುಂದಿನ ಸಲ ಬಂದ್ ಆಗುತ್ತದೆ. ಇದಕ್ಕೆ ಲೇತ್‌ನಲ್ಲಿ ತೂತನ್ನು ದೊಡ್ಡದು ಮಾಡಿ ಹಿತ್ತಾಳೆ ಬುಷ್ ಕೂರಿಸಿ ಹೊಸ ಶಾಫ್ಟ್ ಹಾಕುವುದೇ ದಾರಿ. ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್ಟಿನ ಕೆಲಸ ಮಾಡುವ ಒಳ್ಳೆಯ ಲೇತ್ ಅಂಗಡಿಯವರು ಇದನ್ನು ಮಾಡಬಲ್ಲರು. ಹೊಸ ಕಾರ್ಬೊರೇಟರ್ ಹುಡುಕಿ ಊರೂರು ಅಲೆಯುವುದಕ್ಕಿಂತ, ಮಾರುತಿಯದ್ದನ್ನು ತಂದು ಪಟ್ಟಿ ಹಾಕಿ ಕೂರಿಸುವುದಕ್ಕಿಂತ ಇದು ಮೇಲು.

ಫಿಯೆಟ್ಟಿನ ಪೈಲಟ್ ಜೆಟ್ಟಿಗೆ ಬಂದರೆ ಕೆಲಸ ಸರಳ. ಮದುವೆಗೋ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೋ ಮಾತ್ರ ಹೊರಗೆ ಬಂದು, ಉಳಿದ ತಿಂಗಳುಗಳಲ್ಲಿ ಷೆಡ್ಡಿನಲ್ಲಿ ಮಲಗುವ ಗಾಡಿಗಳ ಕಾಯಿಲೆ ಇದು. ಬೌಲ್‌ನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ, ಕೆಳಗೆ ಕಂದು ಅಂಟು ನಿಲ್ಲುತ್ತದೆ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಿ. ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನದು, ಒಂದು ಸಲ ಗೀಚಿದರೆ ರಂಧ್ರ ದೊಡ್ಡದಾಗುತ್ತದೆ, ಆಮೇಲೆ ಆ ಜೆಟ್ ಎಂದೂ ಸರಿಯಾದ ಅಳತೆ ಕೊಡುವುದಿಲ್ಲ. ಕಾರ್ಬೊರೇಟರ್ ಇರುವ ಹಳೆಯ ಮಾರುತಿ 800 ಇದ್ದವರಿಗೆ ಒಂದು ಮಾತು: ಅದರಲ್ಲಿ ಸ್ಲೋ ಪೆಟ್ರೋಲನ್ನು ತೆರೆದು ಮುಚ್ಚುವ ಕರೆಂಟ್ ವಾಲ್ವ್ ಒಂದಿದೆ. ಅದರ ವೈರ್ ಕಳಚಿದರೂ ಲಕ್ಷಣ ಪೈಲಟ್ ಜೆಟ್ ಕಟ್ಟಿದಂತೆಯೇ ಇರುತ್ತದೆ. ಕೀ ಹಾಕಿದಾಗ ಕಾರ್ಬೊರೇಟರಿನಿಂದ ಟಿಕ್ ಸದ್ದು ಬರುತ್ತದೆಯೇ ಕೇಳಿಸಿಕೊಳ್ಳಿ.

ಅಂಬಾಸಿಡರಿನ ಎಸ್‌ಯುಗೆ ಒಂದು ಸೊಗಸಾದ ಪರೀಕ್ಷೆ ಇದೆ, ಉಪಕರಣ ಏನೂ ಬೇಡ. ಮೊದಲು ಎಂಜಿನ್ ನಿಲ್ಲಿಸಿ, ಮೇಲಿನ ಡ್ಯಾಂಪರ್ ಬಿಚ್ಚಿ, ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ತಡೆಯಿಲ್ಲದೆ ಇಳಿದು ಟಕ್ ಎನ್ನಬೇಕು. ನಡುವೆ ಸಿಕ್ಕಿಕೊಂಡರೆ ಒಳಗೆ ಕೊಳೆ ಕೂತಿದೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಉಪ್ಪುಕಾಗದ ಮುಟ್ಟಿಸಬೇಡಿ. ಆಮೇಲೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಸ್ಲೋದಲ್ಲಿ ನಡೆಯುತ್ತಿರುವಾಗ, ಪಕ್ಕದ ಪುಟ್ಟ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ. ಸದ್ದು ಏರಿ ಏರಿದಂತೆಯೇ ಉಳಿದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿದೆ. ಎತ್ತಿದ ಕೂಡಲೇ ಬಂದ್ ಆದರೆ ಪೆಟ್ರೋಲ್ ಸಾಲದು. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಕೆಳಗಿನ ಜೆಟ್ ನಟ್ಟನ್ನು ಕೆಳಕ್ಕೆ ಇಳಿಸಿದರೆ ಪೆಟ್ರೋಲ್ ಹೆಚ್ಚು, ಮೇಲಕ್ಕೆ ಏರಿಸಿದರೆ ಕಡಿಮೆ. ಒಮ್ಮೆಗೆ ನಟ್ಟಿನ ಒಂದು ಮುಖದಷ್ಟೇ ತಿರುಗಿಸಬೇಕು. ಡ್ಯಾಂಪರಿನ ಎಣ್ಣೆ ಮುಗಿದಿದ್ದರಿಂದ ಸ್ಲೋ ಹೋಯಿತು ಎಂದು ಹೇಳುವವರಿದ್ದಾರೆ. ಆ ಎಣ್ಣೆಗೆ ಸಂಬಂಧ ಇರುವುದು ರೇಸ್ ಕೊಟ್ಟಾಗಿನ ತಡಬಡಕ್ಕೆ, ನಿಂತ ಎಂಜಿನ್ನಿಗಲ್ಲ.

ಕಿಡಿಯ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಬದಲಿಸುವ ಸಾಮಾನು ಅಗ್ಗ, ಅನುಮಾನ ಬಂದರೆ ಬದಲಿಸಿಬಿಡಬಹುದು. ಪಾಯಿಂಟಿನ ಅಂತರ ಲೂಕಾಸ್ ಡಿಸ್ಟ್ರಿಬ್ಯೂಟರಿನಲ್ಲಿ 0.35ರಿಂದ 0.40 ಮಿಲಿಮೀಟರ್. ಪಾಯಿಂಟಿನ ಹಿಮ್ಮಡಿ ಸವೆದಂತೆ ಅಂತರ ಕಡಿಮೆಯಾಗಿ ಟೈಮಿಂಗ್ ಹಿಂದೆ ಬೀಳುತ್ತದೆ, ಸ್ಲೋ ಕುಸಿಯುತ್ತದೆ. ಪಾಯಿಂಟಿನ ಮೇಲೆ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳಕೆ ಎದ್ದಿದ್ದರೆ ಕಂಡೆನ್ಸರ್ ಕೆಟ್ಟಿದೆ. ಪ್ಲಗ್ಗಿನ ಅಂತರ 0.6 ಮಿಲಿಮೀಟರ್. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆದರೂ, ಹಳೆಯ ಮೇಸ್ತ್ರಿಗಳು ಅಂಗಡಿಯಲ್ಲಿ ಕೇಳುವುದು ಮೈಕೋ ಪ್ಲಗ್ಗನ್ನೇ. ಒಂದು ಸರಳ ಪರೀಕ್ಷೆ: ಸ್ಲೋದಲ್ಲಿ ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರಿನಿಂದ ಒಂದೊಂದೇ ಪ್ಲಗ್ಗಿನ ವೈರ್ ಕಿತ್ತು ನೋಡುವುದು. ಯಾವುದನ್ನು ಕಿತ್ತಾಗ ಎಂಜಿನ್ನಿನ ನಡೆ ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಓಟದಲ್ಲಿ ಉಳಿದ ಮೂರು ಸಿಲಿಂಡರುಗಳು ಅದನ್ನು ಎಳೆದುಕೊಂಡು ಹೋಗುತ್ತವೆ, ಸ್ಲೋದಲ್ಲಿ ಆ ಶಕ್ತಿ ಇರುವುದಿಲ್ಲ.

ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಒಂದು ಸಿಲಿಂಡರ್ ಮಲಗಿದೆ ಎಂದಾದರೆ ವಾಲ್ವ್ ನೋಡಬೇಕು. ಇಲ್ಲೊಂದು ಇತಿಹಾಸವಿದೆ. ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದ ಫೆಬ್ರವರಿ 1ರಿಂದ ನಿಂತಿತು. ಮಕ್ಕಳ ಮಿದುಳಿಗೆ ವಿಷವಾಗಿದ್ದ ಸೀಸ ಹೋದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಬೀಡುಕಬ್ಬಿಣದ ಹೆಡ್‌ಗಳಲ್ಲಿ ಸೈಲೆನ್ಸರ್ ಕಡೆಯ ವಾಲ್ವ್ ಕೂರುವ ಜಾಗಕ್ಕೆ ಅದೇ ಸೀಸ ಒಂದು ತೆಳು ಹೊದಿಕೆಯಾಗಿತ್ತು. ಅದಿಲ್ಲದೆ ಹೆಚ್ಚು ವೇಗದಲ್ಲಿ ಓಡಿದಂತೆ ವಾಲ್ವ್ ತನ್ನ ಪೀಠದೊಳಕ್ಕೆ ಹೂತುಕೊಳ್ಳುತ್ತದೆ, ಟ್ಯಾಪೆಟ್ಟಿನ ಸಂದು ತಾನಾಗಿಯೇ ಮುಚ್ಚುತ್ತಾ ಬರುತ್ತದೆ. ಅಂಬಾಸಿಡರಿನ 1.5 ಎಂಜಿನ್ನಿನಲ್ಲಿ ಇರಬೇಕಾದ ಸಂದು 15 ಥೌ, ಅಂದರೆ 0.38 ಮಿಲಿಮೀಟರ್. ಸಂದು ಪೂರ್ತಿ ಹೋದರೆ ವಾಲ್ವ್ ಮುಚ್ಚುವುದೇ ಇಲ್ಲ, ಕಂಪ್ರೆಷನ್ ಸೋರುತ್ತದೆ. ಟ್ಯಾಪೆಟ್ ಟಕಟಕ ಎಂದರೆ ಜನ ಗಾಬರಿಯಾಗುತ್ತಾರೆ. ನನ್ನನ್ನು ಕೇಳಿದರೆ ಹೆದರಬೇಕಾದದ್ದು ಸದ್ದೇ ಇಲ್ಲದ ಟ್ಯಾಪೆಟ್ಟಿಗೆ.

ವ್ಯಾಕ್ಯೂಮ್ ಗೇಜ್ ಇರುವ ಮೆಕ್ಯಾನಿಕ್ ಸಿಕ್ಕರೆ ಇದೆಲ್ಲ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಎಂಜಿನ್ ಸ್ಲೋದಲ್ಲಿ 17ರಿಂದ 21 ಇಂಚು ತೋರಿಸಬೇಕು ಎಂದು ಪುಸ್ತಕಗಳು ಹೇಳುವುದು ಸಮುದ್ರಮಟ್ಟದ ಮಾತು. ಎತ್ತರ ಸಾವಿರ ಅಡಿ ಏರಿದರೆ ಒಂದು ಇಂಚು ಕಳೆಯಬೇಕು. ಬಳ್ಳಾರಿ ಸುಮಾರು 1,500 ಅಡಿ ಎತ್ತರದಲ್ಲಿದೆ. ಹಾಗಾಗಿ ನಮ್ಮಲ್ಲಿ ಒಂದೂವರೆ ಇಂಚು ಕಡಿಮೆ ಬಂದರೆ ಅದು ದೋಷವಲ್ಲ. ಮುಳ್ಳು ಕೆಳಗೆ ಆದರೆ ಸ್ಥಿರವಾಗಿ ನಿಂತಿದ್ದರೆ ಕಳ್ಳಗಾಳಿ ಅಥವಾ ಹಿಂದೆ ಬಿದ್ದ ಟೈಮಿಂಗ್. ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಕೆಳಕ್ಕೆ ಹೊಡೆದುಕೊಂಡರೆ ಒಂದು ವಾಲ್ವ್. ಮೆಲ್ಲಗೆ ಅತ್ತಿತ್ತ ತೂಗಿದರೆ ಮಿಶ್ರಣ.

ಈಗ ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯಲ್ಲ. ಅಂಬಾಸಿಡರ್ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಮೇನಿಫೋಲ್ಡ್, ಹೊಗೆ ಹೊರಹೋಗುವ ಮೇನಿಫೋಲ್ಡ್ ಎರಡೂ ಒಂದೇ ಪಕ್ಕದಲ್ಲಿವೆ. ಕಾರ್ಬೊರೇಟರ್ ಬೆಂಕಿಯ ನೆರೆಯಲ್ಲೇ ಕೂತಿದೆ. ಓಡುವಾಗ ಗಾಳಿ ಬಡಿದು, ತಣ್ಣನೆಯ ಪೆಟ್ರೋಲ್ ಹರಿದು ಹೇಗೋ ನಿಭಾಯಿಸುತ್ತದೆ. ರೈಲ್ವೆ ಗೇಟಿನಲ್ಲಿ ನಿಂತರೆ ಎರಡೂ ನಿಲ್ಲುತ್ತವೆ. ಬೌಲ್‌ನಲ್ಲಿನ ಪೆಟ್ರೋಲ್ ಕುದಿಯತೊಡಗುತ್ತದೆ, ಉಕ್ಕಿ ಮೇನಿಫೋಲ್ಡಿಗೆ ಬೀಳುತ್ತದೆ, ಎಂಜಿನ್ ಉಸಿರುಕಟ್ಟಿ ಬಂದ್ ಆಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆಯ ಡ್ರೈವರುಗಳ ಉಪಾಯಕ್ಕೆ ಅರ್ಥವಿದೆ. ಆದರೆ ಶಾಶ್ವತ ಪರಿಹಾರ ಬೇರೆ: ಕಾರ್ಬೊರೇಟರಿನ ಕೆಳಗಿನ ತಗಡಿನ ತಡೆ ಕಳೆದುಹೋಗಿದ್ದರೆ ಮತ್ತೆ ಹಾಕಿಸಿ, ನಡುವಿನ ದಪ್ಪ ಪ್ಯಾಕಿಂಗ್ ಬದಲು ಯಾರೋ ಕಾಗದದ ಪ್ಯಾಕಿಂಗ್ ಹಾಕಿದ್ದರೆ ಮೂಲದ್ದನ್ನು ಕೂರಿಸಿ, ಪೆಟ್ರೋಲ್ ಪೈಪನ್ನು ಬ್ಲಾಕಿನಿಂದ ದೂರ ಸರಿಸಿ. ಹೀಗೆ ಬಂದ್ ಆದ ಎಂಜಿನ್ನನ್ನು ಶುರು ಮಾಡುವಾಗ ಆಕ್ಸಿಲರೇಟರ್ ಪದೇ ಪದೇ ತುಳಿಯಬಾರದು; ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಒಳಗಿನ ಹೆಚ್ಚುವರಿ ಆವಿ ಹೊರಹೋಗಬೇಕು.

ಇತ್ತೀಚೆಗೆ ಎಲ್ಲ ತಪ್ಪನ್ನೂ ಎಥೆನಾಲ್ ಮೇಲೆ ಹಾಕುವುದು ರೂಢಿಯಾಗಿದೆ. ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು; 2025ರ ಹೊತ್ತಿಗೆ ಬಂಕ್‌ಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಅದೇ. ಕಬ್ಬಿನ ಜೊತೆಗೆ ಮೆಕ್ಕೆಜೋಳ, ನುಚ್ಚಕ್ಕಿಯಿಂದಲೂ ಎಥೆನಾಲ್ ತಯಾರಾಗುತ್ತದೆ. ಭತ್ತದ ಸೀಮೆಯಾದ ಸಿರುಗುಪ್ಪಕ್ಕೆ ಇದು ಪರಕೀಯ ವಿಷಯವಲ್ಲ. ದೂರು ಎಷ್ಟು ನಿಜ? ಅರ್ಧ ನಿಜ. ಶುದ್ಧ ಪೆಟ್ರೋಲಿನ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಹಳೆಯ ಜೆಟ್ ಮೊದಲಿನಷ್ಟೇ ಇಂಧನ ಬಿಡುವುದರಿಂದ ಎಂಜಿನ್ನಿಗೆ ಅದು ಶೇ 8ರಷ್ಟು ತೆಳುವಾಗಿ ಕಾಣುತ್ತದೆ. ಗಟ್ಟಿಮುಟ್ಟಾದ ಎಂಜಿನ್ ಇಷ್ಟನ್ನು ತಡೆದುಕೊಳ್ಳುತ್ತದೆ. ಆದರೆ ಮೇಲೆ ಹೇಳಿದ ಶೇ 10ರ ಕಳ್ಳಗಾಳಿಯನ್ನು ಹೇಗೋ ಸಹಿಸಿಕೊಂಡು ಬಂದಿದ್ದ ಗಾಡಿಗೆ ಈ ಎಂಟು ಸೇರಿದರೆ ಸ್ಲೋ ನಿಲ್ಲುವುದಿಲ್ಲ. ಎಥೆನಾಲ್ ಇಲ್ಲಿ ಕಾಯಿಲೆಯನ್ನು ಹುಟ್ಟಿಸಿದ್ದಲ್ಲ, ಬಚ್ಚಿಟ್ಟುಕೊಂಡಿದ್ದನ್ನು ಹೊರಗೆ ಎಳೆದದ್ದು.

ಇನ್ನರ್ಧದಲ್ಲಿ ಮಾಲೀಕರ ಅಸಮಾಧಾನಕ್ಕೆ ಕಾರಣವಿದೆ. ಎಥೆನಾಲ್ ಹಳೆಯ ರಬ್ಬರ್ ಹೋಸನ್ನು, ಪಂಪಿನ ಡಯಾಫ್ರಾಮನ್ನು ಮೆತ್ತಗಾಗಿಸುತ್ತದೆ. ಟ್ಯಾಂಕಿನ ಗೋಡೆಗೆ ದಶಕಗಳಿಂದ ಅಂಟಿದ್ದ ಕೊಳೆಯನ್ನು ಕರಗಿಸಿ ಜೆಟ್ಟಿಗೆ ತಂದು ತುಂಬುತ್ತದೆ. ಗಾಳಿಯ ತೇವವನ್ನು ಹೀರಿ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರಾಗಿ ಬೇರ್ಪಡುತ್ತದೆ. 78 ಡಿಗ್ರಿಗೇ ಕುದಿಯುತ್ತದೆ ಬೇರೆ. ಎಥೆನಾಲ್ ನೀತಿಯನ್ನು ವಿರೋಧಿಸುವ ಇಚ್ಛೆ ನನಗಿಲ್ಲ. ಆದರೆ ಜಿಲ್ಲೆಗೆ ಒಂದೆರಡು ಬಂಕ್‌ಗಳಲ್ಲಾದರೂ ಕಡಿಮೆ ಎಥೆನಾಲಿನ ಪೆಟ್ರೋಲ್ ಸಿಗುವಂತೆ ಮಾಡುವುದು ದೊಡ್ಡ ಬೇಡಿಕೆಯೇನಲ್ಲ. ಅಲ್ಲಿಯವರೆಗೆ ಮಾಲೀಕರು ಮಾಡಬಹುದಾದದ್ದು: ಎಥೆನಾಲ್ ತಡೆಯುವ ಹೋಸ್ ಹಾಕಿಸುವುದು, ಟ್ಯಾಂಕ್ ತೊಳೆಸುವುದು, ನಿಲ್ಲಿಸುವ ಗಾಡಿಯ ಕಾರ್ಬೊರೇಟರ್ ಖಾಲಿ ಮಾಡುವುದು, ಸೋರಿಕೆಗಳೆಲ್ಲ ಮುಚ್ಚಿದ ಮೇಲೆ ಮಿಶ್ರಣವನ್ನು ತುಸು ದಪ್ಪಕ್ಕೆ ತಿರುಗಿಸುವುದು. ಎಸ್‌ಯುನಲ್ಲಿ ಇದು ನಟ್ಟಿನ ಒಂದೆರಡು ಮುಖದ ಕೆಲಸ.

ಎಮಿಷನ್ ಟೆಸ್ಟಿನ ಸಲುವಾಗಿಯೂ ಈ ಕ್ರಮ ಮುಖ್ಯ. 50 ವರ್ಷ ದಾಟಿದ ಗಾಡಿಗಳಿಗೆ 2021ರ ಕೇಂದ್ರ ನಿಯಮ ವಿಂಟೇಜ್ ಎಂಬ ಬೇರೆ ನೋಂದಣಿ ಕೊಟ್ಟಿದೆ. ನಿಮ್ಮ 1985ರ ಅಂಬಾಸಿಡರ್ ಮನೆಯವರ ಕಣ್ಣಿಗೆ ಎಷ್ಟೇ ಪುರಾತನವಾಗಿ ಕಂಡರೂ ಕಾನೂನಿನ ಕಣ್ಣಿಗೆ ಬರೀ ಹಳೆಯ ಕಾರು. ಅಂಥ ಕಾರಿನ ಹೊಗೆಯನ್ನು ಅಳೆಯುವುದು ಸ್ಲೋದಲ್ಲೇ. ಭಾರತ್ ಸ್ಟೇಜ್ 2ಕ್ಕೂ ಮುಂಚಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3, ಹೈಡ್ರೊಕಾರ್ಬನ್ 1,500 ಪಿಪಿಎಂ ಮಿತಿ. ಸೋರಿಕೆ ಮುಚ್ಚದೆ ಬರೀ ಪೆಟ್ರೋಲ್ ಹೆಚ್ಚಿಸಿ ಸ್ಲೋ ನಿಲ್ಲಿಸಿದ ಗಾಡಿ ಮೊದಲನೆಯದರಲ್ಲಿ ಸಿಕ್ಕಿಬೀಳುತ್ತದೆ, ತೆಳು ಮಿಶ್ರಣದಲ್ಲಿ ಕಿಡಿ ತಪ್ಪುತ್ತಿರುವ ಗಾಡಿ ಎರಡನೆಯದರಲ್ಲಿ. ಆದ್ದರಿಂದ ಗ್ಯಾರೇಜಿಗೆ ಹೋದಾಗ ಒಂದೇ ಮಾತು ಹೇಳಿ: "ಸ್ಕ್ರೂ ಆಮೇಲೆ ತಿರುಗಿಸೋಣ್ರಿ, ಮೊದ್ಲು ಶಾಫ್ಟ್ ಅಲುಗಿಸಿ ನೋಡ್ರಿ, ಟ್ಯಾಪೆಟ್ ನೋಡ್ರಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಒಂದು ಚೀಟಿಮ್ಯಾಲೆ ಬರಕೊಡ್ರಿ." ಒಂದು ಸಿಲಿಂಡರಿನ ಅಂಕಿ ಉಳಿದ ಮೂರಕ್ಕಿಂತ ತುಂಬಾ ಕೆಳಗಿದ್ದರೆ ಕಾರ್ಬೊರೇಟರಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ; ಮೊದಲು ಹೆಡ್ ಬಿಚ್ಚಿಸಿ.